ಹಳಿ ಕಿತ್ತಾಯ್ತು, ದಾರಿನಾದ್ರೂ ಉಳ್ಸಿ: ಹಳೇ ರೈಲು ಲೈನುಗಳ ಜಮೀನು ನೋಡ್ಕೊಳ್ಳೋರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಈ ಪತ್ರ ಯಾರ ಹೆಸರಿಗೆ ಬರೀಬೇಕು ಅಂತ ಮೂರು ದಿನ ತಲೆ ಕೆಡಿಸ್ಕೊಂಡೆ. ರೈಲು ಓಡ್ತಿರೋವರೆಗೂ ಒಂದು ಲೈನಿಗೆ ಒಬ್ಬರೇ ಯಜಮಾನ್ರು. ರೈಲು ನಿಂತ್ಮೇಲೆ ನೋಡಿ, ಹಳಿ ಒಂದು ಇಲಾಖೆದು, ಜಮೀನು ಇನ್ನೊಂದರದು, ಸೇತುವೆ ಕಬ್ಬಿಣ ಗುಜರಿ ಟೆಂಡರ್ ಹಿಡಿದೋರದು, ಅಕ್ಕಪಕ್ಕ ಬೆಳೆದಿರೋ ಮರ ಅರಣ್ಯದೋರದು, ಮೋರಿಲಿ ತುಂಬ್ಕೊಂಡಿರೋ ಹೂಳು ಮಾತ್ರ ಯಾರದೂ ಅಲ್ಲ. ಅದಕ್ಕೆ ಎಲ್ರಿಗೂ ಸೇರ್ಸಿ ಒಂದೇ ಪತ್ರ ಬರ್ದಿದೀನಿ, ನಿಮ್ಮಲ್ಲಿ ಯಾರದು ಅನ್ಸತ್ತೋ ಅವ್ರು ಓದ್ಕೊಳ್ಳಿ.

ನಾನು ರೈಲು ನಿಂತುಹೋದ ಲೈನುಗಳನ್ನ ಹುಡುಕ್ಕೊಂಡು ಸೈಕಲ್ ತುಳ್ಯೋನು, ಸೈಕಲ್ ಹೋಗ್ದೇ ಇರೋ ಕಡೆ ನಡ್ಯೋನು. ಒಂದು ಲೈನಿದೆ, ಸುಮಾರು ಸಲ ಹೋಗಿದೀನಿ, ಅದರ ಒಂದೊಂದು ಮೋರಿನೂ ಪರಿಚಯ. ಹೋದ ವಾರ ಹೋದಾಗ ಎರಡು ಕಟಿಂಗ್‌ಗಳ ಮಧ್ಯೆ, ಅಂದ್ರೆ ಲೈನಿಗೋಸ್ಕರ ಗುಡ್ಡ ಕಡಿದಿರೋ ಎರಡು ಜಾಗಗಳ ಮಧ್ಯೆ, ಮಣ್ಣು ಹಾಕಿ ಎತ್ತರಿಸಿದ ಏರಿ ಮೇಲೆ ಸಾಲಾಗಿ ಗೂಟ ನೆಟ್ಟಿದ್ರು, ತಲೆಗೆ ಕೆಂಪು ಬಣ್ಣ ಬಳ್ದಿದ್ರು. ಹನ್ನೊಂದು ಗೂಟ, ಎಣಿಸ್ದೆ. ದಾರಿ ಉದ್ದಕ್ಕೆ ನೆಟ್ಟಿದ್ರೆ ಖುಷಿ ಪಡ್ತಿದ್ದೆ, ಆದ್ರೆ ಅವು ಅಡ್ಡಕ್ಕಿದ್ವು. ಅಂದ್ರೆ ಸೈಟ್ ತರ ತುಂಡು ಮಾಡಕ್ಕೆ ಅಳತೆ ಹಾಕಿರೋದು. ಆ ಗೂಟ ನೋಡಿದ್ಮೇಲೆ ಮನೆಗೆ ಬಂದು ಈ ಪತ್ರ ಶುರು ಮಾಡಿದ್ದು.

ಮೊದ್ಲು ಒಂದು ಕಚೇರಿಗೆ ಹೋಗಿದ್ದೆ, ಹೆಸರು ಬೇಡ ಬಿಡಿ, ಅಲ್ಲಿದ್ದೋರು ಒಳ್ಳೇವ್ರೇ. ಸಾರ್ ಈ ಲೈನಿನ ಮ್ಯಾಪ್ ಸಿಗತ್ತಾ ಅಂದೆ. ಯಾವ ಲೈನು, ಅಲ್ಲಿ ಲೈನೇ ಇಲ್ವಲ್ಲ ಅಂದ್ರು. ಇತ್ತು ಸಾರ್, ಅದರ ಜಮೀನು ಈಗ್ಲೂ ಇದೆ ಅಂದೆ. ಹಳಿ ಕಿತ್ತ ದಿನವೇ ಫೈಲ್ ಕ್ಲೋಸ್ ಆಗಿದೆ, ಇನ್ನೇನು ಅಂದ್ರು. ನಾನು ಹೇಳ್ಬೇಕು ಅಂದ್ಕೊಂಡಿರೋದು ಇಷ್ಟೇ ಸ್ವಾಮಿ, ಹಳಿ ಕಿತ್ರೆ ಲೈನು ಹೋಗಲ್ಲ. ಆ ಜಮೀನನ್ನ ತುಂಡು ತುಂಡಾಗಿ ಮಾರಿದ್ ದಿನ ಹೋಗತ್ತೆ. ಐವತ್ತು ಕಿಲೋಮೀಟರ್ ಉದ್ದ, ಹದಿನೈದಿಪ್ಪತ್ತು ಮೀಟರ್ ಅಗಲದ ಜಮೀನು ಒಂದೇ ಪಟ್ಟಿಯಾಗಿದ್ರೆ ಅದೊಂದು ದಾರಿ. ಅದನ್ನೇ ಇನ್ನೂರು ಜನಕ್ಕೆ ಹಂಚಿದ್ರೆ ಇನ್ನೂರು ಉದ್ದುದ್ದ ಹಿತ್ತಲು. ಬಂದ ದುಡ್ಡು ಆ ವರ್ಷದ ಲೆಕ್ಕದಲ್ಲಿ ಒಂದು ಸಾಲು ಆಗತ್ತೆ ಅಷ್ಟೆ, ಮತ್ತೆ ಒಟ್ಟು ಮಾಡ್ಬೇಕು ಅಂದ್ರೆ ಇನ್ನೂರು ಬಾಗಿಲು ತಟ್ಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರಲ್ಲ, ಇಲ್ಲಿ ಹೋಗೋದು ದಾರಿ.

ಈ ಹುಚ್ಚು ಇಲ್ದೋರಿಗೆ ಏನಪ್ಪಾ ವಿಶೇಷ ಅದ್ರಲ್ಲಿ, ಪಕ್ಕದಲ್ಲೇ ಟಾರ್ ರೋಡ್ ಇದ್ಯಲ್ಲ ಅನ್ಸಬಹುದು. ವಿಶೇಷ ಇರೋದು ಏರಿನಲ್ಲಿ. ಕಬ್ಬಿಣದ ಚಕ್ರ ಕಬ್ಬಿಣದ ಹಳಿ ಮೇಲೆ ಉರುಳೋದು ಸುಲಭ, ಆದ್ರೆ ಹಿಡಿತ ಕಮ್ಮಿ, ಜಾಸ್ತಿ ಏರು ಕೊಟ್ರೆ ಇಂಜಿನ್ ನಿಂತಲ್ಲೇ ಚಕ್ರ ತಿರುಗ್ಸತ್ತೆ. ಅದಕ್ಕೆ ಲೈನ್ ಹಾಕೋ ಇಂಜಿನಿಯರ್‌ಗಳು ನೂರು ಮೀಟರಿಗೆ ಒಂದು ಮೀಟರ್, ತಪ್ಪಿದ್ರೆ ಎರಡು, ಎರಡೂವರೆ ಅಷ್ಟೇ ಏರಿಸ್ತಿದ್ರು. ರಸ್ತೆಗಳು ಏಳೆಂಟು ಮೀಟರ್ ಏರೋದು ಮಾಮೂಲಿ. ಗುಡ್ಡ ಬಂದ್ರೆ ರಸ್ತೆ ಹತ್ತಿ ಇಳ್ಯತ್ತೆ, ರೈಲು ಹಾಗೆ ಮಾಡಕ್ಕಾಗಲ್ಲ, ಬಳಸ್ಬೇಕು, ಇಲ್ಲ ಕಡೀಬೇಕು, ಇಲ್ಲ ಕೊರೀಬೇಕು. ಆಗಿನ ಕಾಲದ ಜನ ಗುದ್ದಲಿ, ಮಂಕರಿ, ಸಿಡಿಮದ್ದು ಹಿಡ್ಕೊಂಡು ಆ ಏರನ್ನೆಲ್ಲ ಮೊದ್ಲೇ ತಿಂದು ಮುಗ್ಸಿದಾರೆ. ಅವರ ಬೆವರಿನ ಲಾಭ ಇವತ್ತು ಮೊಣಕಾಲು ನೋವಿರೋ ನಂಗೆ, ಎಂಟು ವರ್ಷದ ಮಗುಗೆ, ಗಾಲಿ ಕುರ್ಚಿಲಿ ಬರೋರಿಗೆ.

ಇದರ ಒಂದು ತಮಾಷೆ ಇದೆ, ತುಳಿದೋರಿಗೆ ಗೊತ್ತು. ಹೋಗ್ತಾ ದಾರಿ ಪೂರ್ತಿ ಮಟ್ಟಸ ಅನ್ನಿಸ್ತಿರತ್ತೆ, ಆದ್ರೆ ಸೈಕಲ್ ಯಾಕೋ ಭಾರ, ಗಾಳಿ ಇಳಿದಿದ್ಯಾ, ಬ್ರೇಕ್ ಹಿಡೀತಿದ್ಯಾ ಅಂತ ಎರಡೆರಡು ಸಲ ಇಳಿದು ಚೆಕ್ ಮಾಡ್ತೀವಿ. ಏನೂ ಆಗಿರಲ್ಲ. ವಾಪಸ್ ಬರ್ವಾಗ ಪೆಡಲ್ ಮುಟ್ದೇನೇ ಎರಡು ಮೂರು ಕಿಲೋಮೀಟರ್ ಉರುಳ್ಕೊಂಡು ಬಂದಾಗ ಗೊತ್ತಾಗತ್ತೆ, ಓಹೋ ಅಷ್ಟೊತ್ತೂ ಏರಿದ್ದು ನಾನು ಅಂತ. ನಮ್ಮ ಲೈನಲ್ಲಿ ಒಂದು ಕಡೆ ಮೊಣಕಾಲೆತ್ತರದ ಕಲ್ಲು ಕಂಬ ಈಗ್ಲೂ ನಿಂತಿದೆ, ಏರು ಎಷ್ಟು ಅಂತ ಡ್ರೈವರಿಗೆ ಹೇಳಕ್ಕೆ ನೆಟ್ಟಿದ್ದು. ಒಂದು ಕಡೆ ಅಂಕಿ ಪಾಚಿ ಮುಚ್ಚಿತ್ತು, ಕೈಯಲ್ಲಿ ಉಜ್ಜಿದೆ, 80 ಅಂತ ಕಂಡ್ತು. ಎಂಬತ್ತು ಅಡಿಗೆ ಒಂದಡಿ. ಆವತ್ತಿಂದ ಆ ಜಾಗದಲ್ಲಿ ಸೈಕಲ್ಲಿಗೆ ಬೈಯೋದು ಬಿಟ್ಟಿದೀನಿ.

ಹಳಿ ಇನ್ನೂ ಇರೋ ಕಡೆ ನಡ್ಯೋದು ಬೇರೆನೇ ಕಷ್ಟ. ಸ್ಲೀಪರ್‌ಗಳ, ಅಂದ್ರೆ ಹಳಿ ಕೆಳಗೆ ಅಡ್ಡಕ್ಕೆ ಹಾಕೋ ದಿಮ್ಮಿಗಳ ಅಂತರ ಮನುಷ್ಯನ ಹೆಜ್ಜೆಗೆ ಅಂತ ಇಟ್ಟಿದ್ದಲ್ವಲ್ಲ, ಸುಮಾರು ಅರವತ್ತು ಸೆಂಟಿಮೀಟರ್, ಒಂದೊಂದಾಗಿ ಇಟ್ರೆ ಹೆಜ್ಜೆ ಗಿಡ್ಡ, ಒಂದು ಬಿಟ್ಟು ಒಂದು ಇಟ್ರೆ ಜಿಗೀಬೇಕು. ಒಂದು ಗಂಟೆ ನಡೆದ್ರೆ ಸೊಂಟ ಹಿಡ್ಕೊಳ್ಳತ್ತೆ. ಹಳಿ ಕಿತ್ತು ಜಲ್ಲಿ ಮಾತ್ರ ಬಿಟ್ಟಿರೋ ಕಡೆ ಸೈಕಲ್ ಹೋಗೋದೇ ಇಲ್ಲ, ಚಕ್ರ ಹೂತ್ಕೊಳ್ಳತ್ತೆ, ಹ್ಯಾಂಡಲ್ ಎಲ್ಲೆಲ್ಲೋ ಎಳ್ಯತ್ತೆ. ಆದ್ರೆ ಮೇಲಿನ ದಪ್ಪ ಜಲ್ಲಿ ತೆಗ್ದು ಸಣ್ಣ ಜಲ್ಲಿಪುಡಿ ಹಾಕಿ ರೋಲರ್ ಹೊಡೆದ್ರೆ ಸಾಕು, ಕಾಂಕ್ರೀಟ್ ಬೇಡ, ಟಾರ್ ಬೇಡ. ಅಡಿಪಾಯ ನೂರಾರು ಟನ್ನಿನ ರೈಲು ತಡ್ಕೊಂಡಿದ್ದು, ನನ್ನ ಸೈಕಲ್ ತಡ್ಕೊಳ್ಳಲ್ವಾ.

ಲೈನು ಎಲ್ಲಿತ್ತು ಅಂತ ಹುಡುಕೋದೇ ಅರ್ಧ ಮಜಾ. ಉಪಗ್ರಹದ ಫೋಟೋಲಿ ನೋಡಿದ್ರೆ ಹೊಲಗಳ ಬದುಗಳೆಲ್ಲ ಒಂದು ದಿಕ್ಕಿಗಿದ್ರೆ ಅದನ್ನ ಓರೆಯಾಗಿ ಕತ್ತರಿಸ್ಕೊಂಡು ಒಂದು ಗೆರೆ ಹೋಗಿರತ್ತೆ, ಅದೇ. ರಸ್ತೆ ಎಂದೂ ಅಷ್ಟು ನಿಧಾನವಾಗಿ ತಿರುಗಲ್ಲ. ಮಟ್ಟಸ ಜಾಗದಲ್ಲಿ ರಸ್ತೆ ಸುಮ್ನೆ ಒಂದು ದಿಬ್ಬ ಹತ್ತಿ ಇಳಿದ್ರೆ ಕೆಳಗೆ ರೈಲು ಹೋಗ್ತಿತ್ತು ಅಂತ ಅರ್ಥ. ಸ್ಟೇಷನ್ನೇ ಇಲ್ದಿರೋ ಊರಲ್ಲಿ ಸ್ಟೇಷನ್ ರೋಡ್ ಅಂತ ಬೋರ್ಡಿರತ್ತೆ. ಯಾರದೋ ಮನೆ ಅಂಗಳ ಮಾತ್ರ ನೆಲದಿಂದ ಮೂರಡಿ ಎತ್ತರ, ಅಂಚಿಗೆ ಉದ್ದುದ್ದ ಚಪ್ಪಡಿ, ಅದು ಪ್ಲಾಟ್‌ಫಾರಂ.

ಹೀಗೆ ಒಂದು ಕಟಿಂಗ್ ಹತ್ರ ಒಬ್ರು ವಯಸ್ಸಾದೋರು ಸಿಕ್ಕಿದ್ರು, ಆ ಲೈನಲ್ಲೇ ಗ್ಯಾಂಗ್‌ಮನ್ ಆಗಿದ್ದೋರು, ಅಂದ್ರೆ ಹಳಿ ನೋಡ್ಕೊಳ್ಳೋ ಕೆಲ್ಸದೋರು. ನಾನು ಸೈಕಲ್ ಹೆಗಲ ಮೇಲೆ ಹೊತ್ಕೊಂಡು ಕೆಸರಲ್ಲಿ ಬರ್ತಿದ್ದೆ, ಯಾಕಪ್ಪಾ ಅದನ್ನ ಹೊತ್ಕೊಂಡಿದೀಯ, ಅದು ನಿನ್ನ ಹೊರಬೇಕಲ್ವಾ ಅಂದ್ರು. ನೀರು ಅಜ್ಜಾ ಅಂದೆ. ನೀರಿನ ತಪ್ಪಲ್ಲ ಅಂತ ಕೋಲಿಂದ ಕಟಿಂಗ್ ಬದಿ ಕೆದಕಿ ತೋರ್ಸಿದ್ರು. ಎಲೆ, ಮಣ್ಣು, ಬೇರು, ಅದರ ಕೆಳಗೆ ಚಪ್ಪಡಿ ಹಾಸಿದ ಚರಂಡಿ, ಎರಡೂ ಬದಿಗೂ ಕಟಿಂಗ್ ಉದ್ದಕ್ಕೂ ಇತ್ತಂತೆ. ಮಳೆಗಾಲಕ್ಕೆ ಮುಂಚೆ ಇದನ್ನ ಕ್ಲೀನ್ ಮಾಡೋದೇ ನಮ್ಮ ಮೊದಲ ಕೆಲ್ಸ, ಹಳಿ ಆಮೇಲೆ ಅಂದ್ರು. ಕೋಲಿಂದಾನೇ ಒಂದು ಮೊಳ ಬಿಡಿಸಿದ್ರು ನೋಡಿ, ನನ್ನ ಕಾಲ ಬುಡದಲ್ಲಿ ನಿಂತಿದ್ದ ನೀರು ಆ ಕಡೆ ಸರಿಯಕ್ಕೆ ಶುರುವಾಯ್ತು, ಅದೆಷ್ಟು ವರ್ಷದಿಂದ ಕಾಯ್ತಿತ್ತೋ. ದಯವಿಟ್ಟು ಇದನ್ನ ಎರಡು ಸಲ ಓದಿ. ಹಳೇ ಲೈನು ಹಾಳಾಗೋದು ಜನ ನಡ್ಯೋದ್ರಿಂದ ಅಲ್ಲ, ನೀರಿಂದ. ಮೋರಿ ಕಟ್ಕೊಂಡ್ರೆ ಏರಿ ಹಿಂದೆ ಕೆರೆ ತರ ನಿಲ್ಲತ್ತೆ, ಒಂದು ಜೋರು ಮಳೆಗೆ ಏರಿನೇ ಒಡ್ದು ಹೋಗತ್ತೆ. ಸೇತುವೆ ಕಮಾನಿನ ಇಟ್ಟಿಗೆ ಸಂದಿಲಿ ಒಂದು ಗಿಡ ಬೇರು ಬಿಟ್ರೆ ಅದು ಮರ ಆಗೋದ್ರೊಳಗೆ ಕಮಾನು ಬಿಚ್ಕೊಳ್ಳತ್ತೆ. ವರ್ಷಕ್ಕೊಂದು ಸಲ ನಾಲ್ಕು ಜನ ಸಲಿಕೆ ಹಿಡ್ಕೊಂಡು ಹೋದ್ರೆ ಉಳ್ಯೋದನ್ನ, ಇಪ್ಪತ್ತು ವರ್ಷ ಬಿಟ್ಟು ಆಮೇಲೆ ಅಪಾಯಕಾರಿ ಅಂತ ಬೋರ್ಡ್ ಹಾಕಿ ಕೆಡವ್ತೀರ.

ಬೋರ್ಡ್ ಅಂದ್ರೆ ನೆನಪಾಯ್ತು, ಓದೋ ಸಾರ್ವಜನಿಕರಿಗೂ ಒಂದು ಮಾತು. ರೈಲು ಬರ್ತಿಲ್ಲ ಅನ್ನೋದು ಬೇರೆ, ಲೈನು ಮುಚ್ಚಿದಾರೆ ಅನ್ನೋದು ಬೇರೆ. ಪ್ಯಾಸೆಂಜರ್ ಗಾಡಿ ನಿಂತಿದ್ರೂ ಎಂದೋ ಒಂದು ಗೂಡ್ಸ್, ಒಂದು ಟ್ರಾಲಿ ಬರೋ ಲೈನುಗಳಿರ್ತವೆ, ಅಲ್ಲಿ ಕಾಲಿಡಬೇಡಿ. ಕಬ್ಬಿಣದ ಸೇತುವೆ ಮೇಲಿನ ಸ್ಲೀಪರ್ ನೋಡಕ್ಕೆ ಗಟ್ಟಿ, ಒಳಗೆ ಲಡ್ಡಾಗಿರತ್ತೆ. ನಾನು ಒಂದ್ಸಲ ಹೆಜ್ಜೆ ಇಟ್ಟು, ಬಿಸ್ಕತ್ ಮುರ್ದಂಗೆ ಸದ್ದಾಗಿ, ಮೊಣಕಾಲವರೆಗೂ ಕಾಲು ಕೆಳಗೆ ಹೋಗಿತ್ತು. ಕೆಳಗೆ ಹೊಳೆ. ಆವತ್ತಿಂದ ಸೇತುವೆ ಬಂದ್ರೆ ಮರ್ಯಾದೆಯಾಗಿ ಇಳಿದು ಹೊಳೆ ದಾಟ್ತೀನಿ.

ಈಗ ನಿಮ್ಮ ಕಡೆಯಿಂದ ಬರೋ ಮೊದಲ ಪ್ರಶ್ನೆ ನಂಗೊತ್ತು, ಒಬ್ರು ಪತ್ರ ಬರೆದ್ರೆ ಏನಾಗತ್ತೆ. 1963ರಲ್ಲಿ ಅಮೆರಿಕದ ಶಿಕಾಗೊ ಹತ್ರ ಮೇ ಥೀಲ್‌ಗಾರ್ಡ್ ವಾಟ್ಸ್ ಅನ್ನೋ ಸಸ್ಯ, ಪ್ರಕೃತಿ ಪಾಠ ಮಾಡೋ ಅಮ್ಮ ಒಬ್ರು ಶಿಕಾಗೊ ಟ್ರಿಬ್ಯೂನ್ ಪತ್ರಿಕೆಗೆ ಒಂದು ಓದುಗರ ಪತ್ರ ಬರೆದ್ರು. ಶಿಕಾಗೊ ಅರೋರಾ ಎಲ್ಗಿನ್ ಅಂತ ಒಂದು ಎಲೆಕ್ಟ್ರಿಕ್ ರೈಲು ಇತ್ತು, 1957ಕ್ಕೆ ಪ್ಯಾಸೆಂಜರ್ ನಿಂತಿತ್ತು. ಆ ಜಾಗ ಕಾಲ್ದಾರಿ ಆಗ್ಲಿ, ಬುಲ್ಡೋಜರ್‌ಗಳು ಆಗ್ಲೇ ಬಾಯಿ ನೀರೂರಿಸ್ಕೊಂಡು ನಿಂತಿವೆ, ಬೇಗ ಮಾಡಿ ಅನ್ನೋ ಅರ್ಥದಲ್ಲಿ ಬರೆದಿದ್ರು. ಆ ಪತ್ರದಿಂದ ಶುರುವಾದ ಇಲಿನಾಯ್ ಪ್ರೈರಿ ಪಾತ್ ಈಗ ಕವಲೆಲ್ಲ ಸೇರಿ ನೂರು ಕಿಲೋಮೀಟರ್ ಹತ್ರ ಹತ್ರ ಇದೆ. ವಿಸ್ಕಾನ್ಸಿನ್‌ನಲ್ಲಿ ಎಲ್ರಾಯ್‌ಯಿಂದ ಸ್ಪಾರ್ಟಾಗೆ ಹೋಗೋ ಇನ್ನೊಂದು ಲೈನನ್ನ ಅಲ್ಲಿನ ಸರ್ಕಾರ ಅದೇ ದಶಕದಲ್ಲಿ ಪೂರ್ತಿ ಕೊಂಡು, 1967ರಲ್ಲಿ ಸೈಕಲ್ ದಾರಿ ಮಾಡ್ತು. ಐವತ್ತೆರಡು ಕಿಲೋಮೀಟರ್, ಮೂರು ಸುರಂಗ. ಆ ಸುರಂಗಗಳಿಗೆ ಎರಡಾಳೆತ್ತರಕ್ಕೂ ಮೀರಿದ ಮರದ ಬಾಗಿಲುಗಳಿವೆ. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಕಲ್ಲು ಸೀಳ್ಬಾರ್ದು ಅಂತ ರೈಲಿನ ಕಾಲದಲ್ಲೇ ಹಾಕಿದ್ದು, ಗಾಡಿ ಬಂದಾಗ ಕಾವಲುಗಾರ ತೆಗೀಬೇಕು, ಹೋದ್ಮೇಲೆ ಮುಚ್ಬೇಕು. ನೀರಿನ ವಿಷ್ಯ ನಮ್ಮ ಗ್ಯಾಂಗ್‌ಮನ್ ಅಜ್ಜನಿಗೆ ಮಾತ್ರ ಅಲ್ಲ, ಅಲ್ಲಿದ್ದೋರಿಗೂ ಗೊತ್ತಿತ್ತು.

ಅದೇ 1963ರಲ್ಲೇ ಬ್ರಿಟನ್‌ನಲ್ಲಿ ಅಲ್ಲಿನ ರೈಲ್ವೆ ಮುಖ್ಯಸ್ಥ ರಿಚರ್ಡ್ ಬೀಚಿಂಗ್ ವರದಿ ಬಂತು, ಸುಮಾರು ಎಂಟು ಸಾವಿರ ಕಿಲೋಮೀಟರ್ ಲೈನು, ಎರಡು ಸಾವಿರಕ್ಕಿಂತ ಜಾಸ್ತಿ ಸ್ಟೇಷನ್ ಮುಚ್ಚಿ ಅಂತ. ಬಹಳಷ್ಟು ಮುಚ್ಚಿದ್ರು. ಮುಚ್ಚಿದ್ದು ಸರಿಯೋ ತಪ್ಪೋ ಅಂತ ಅಲ್ಲಿನೋರು ಇನ್ನೂ ಕಿತ್ತಾಡ್ತಾರೆ, ನಂಗದು ಬೇಡ. ನಂಗೆ ಹೊಟ್ಟೆ ಉರಿಯೋದು ಮುಚ್ಚಿದ್ಮೇಲೆ ಜಮೀನಿಗೆ ಮಾಡಿದ್ದು ನೋಡಿದ್ರೆ. ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಲೈನನ್ನೇ ತಗೊಳ್ಳಿ, 1967ರ ಕೊನೆಗೆ ಅದರ ಬಹುಭಾಗದಲ್ಲಿ ಪ್ಯಾಸೆಂಜರ್ ರೈಲು ನಿಂತ್ವು, ಬೆಡ್‌ಫರ್ಡ್‌ಯಿಂದ ಕೇಂಬ್ರಿಡ್ಜ್ ಕಡೆ ಜಾಗ ಕೈಬಿಟ್ಟು ಹೋಯ್ತು. ಕೇಂಬ್ರಿಡ್ಜ್ ಪಕ್ಕದಲ್ಲಿ ಆ ಲೈನು ಪೂರ್ವ ಪಶ್ಚಿಮಕ್ಕೆ ಗೆರೆ ಎಳ್ದಂಗೆ ನೇರ ಇತ್ತು, ರೇಡಿಯೋ ಟೆಲಿಸ್ಕೋಪ್ ಮಾಡೋರಿಗೆ ಅಂಥ ಜಾಗನೇ ಬೇಕಿತ್ತು, ಐದು ಕಿಲೋಮೀಟರ್ ಉದ್ದಕ್ಕೆ ಡಿಶ್ ಆಂಟೆನಾಗಳನ್ನ ಅದರ ಮೇಲೇ ನಿಲ್ಸಿದ್ರು. ವಿಜ್ಞಾನಕ್ಕೆ ಉಪಯೋಗ ಆಯ್ತಲ್ಲ ಅಂತ ಸಮಾಧಾನ ಮಾಡ್ಕೋಬಹುದು. ಆದ್ರೆ ಈಗ ಎರಡೂ ಊರು ಸೇರ್ಸೋ ರೈಲು ಮತ್ತೆ ಬೇಕು ಅಂತ ಹೊರಟಿದಾರೆ, ಹಳೇ ದಾರಿ ಸಿಗಲ್ಲ, ಬೆಡ್‌ಫರ್ಡ್ ಆಚೆಗೆ ಹೊಸ ದಾರಿನೇ ಹುಡುಕ್ಬೇಕಾಗಿದೆ. ಸ್ಕಾಟ್ಲೆಂಡಲ್ಲಿ 1969ಕ್ಕೆ ಮುಚ್ಚಿದ ವೇವರ್ಲಿ ಲೈನಿನ ಒಂದು ಭಾಗ, ಎಡಿನ್‌ಬರೋಯಿಂದ ಟ್ವೀಡ್‌ಬ್ಯಾಂಕ್‌ವರೆಗೆ, 2015ರಲ್ಲಿ ಮತ್ತೆ ಶುರುವಾಯ್ತು. ಅಲ್ಲೂ ಅಷ್ಟೇ, ಮಧ್ಯೆ ಬೈಪಾಸ್ ರಸ್ತೆ ಹಳೇ ಲೈನನ್ನ ಕತ್ತರಿಸಿತ್ತು, ಅದರ ಕೆಳಗೆ ಹೊಸದಾಗಿ ದಾರಿ ಮಾಡ್ಬೇಕಾಯ್ತು. ಊರು ಕೊಳ್ಳೆ ಹೊಡೆದ್ಮೇಲೆ ಕೋಟೆ ಬಾಗಿಲು ಹಾಕಿದ್ರು ಅನ್ನೋದು ಇದನ್ನೇ.

ಅಂದ್ರೆ ನಾನು ಸೈಕಲ್ಲಿನೋನು ಸೈಕಲ್ಲಿಗೆ ಮಾತ್ರ ಕೇಳ್ತಿಲ್ಲ, ನಿಮ್ಮ ರೈಲಿಗೂ ಕೇಳ್ತಿದೀನಿ. ಅಮೆರಿಕದೋರು 1983ರಲ್ಲಿ ತಮ್ಮ ಟ್ರೇಲ್ಸ್ ಕಾಯ್ದೆಗೆ, ಅಂದ್ರೆ ಕಾಲ್ದಾರಿಗಳ ಕಾಯ್ದೆಗೆ, ಒಂದು ತಿದ್ದುಪಡಿ ತಂದ್ರು, ರೈಲ್‌ಬ್ಯಾಂಕಿಂಗ್ ಅಂತಾರೆ. ಬ್ಯಾಂಕಲ್ಲಿ ದುಡ್ಡಿಟ್ಟಂಗೆ ಲೈನು ಇಡೋದು. ರೈಲು ಕಂಪನಿ ಓಡಿಸಲ್ಲ ಅಂದ್ರೆ ಜಾಗನ ಒಡೀದೇ ಇಡೀ ಪಟ್ಟಿಯಾಗಿ ಒಬ್ಬರ ಕೈಗೆ ಕೊಡೋದು, ಅವರು ನಡ್ಯಕ್ಕೆ ಸೈಕಲ್ ತುಳ್ಯಕ್ಕೆ ಬಿಡೋದು, ಮುಂದೆ ಯಾವತ್ತಾದ್ರೂ ರೈಲು ಬೇಕು ಅಂದ್ರೆ ವಾಪಸ್ ಕೊಡೋದು. ಪಕ್ಕದ ಜಮೀನಿನೋರು ಕೋರ್ಟಿಗೆ ಹೋದ್ರು, 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾಯ್ದೆ ಸರಿಯಾಗೇ ಇದೆ ಅಂತು, ಅನ್ಯಾಯ ಆಗಿದ್ರೆ ಜಮೀನಿನೋರು ಪರಿಹಾರ ಕೇಳಕ್ಕೆ ದಾರಿ ಇದೆ ಅಂತಾನೂ ಹೇಳ್ತು. ಅದೂ ನ್ಯಾಯನೇ. ಮಿಸೌರಿಲಿ 1986ರಲ್ಲಿ ನಿಂತ ಲೈನು ಹೀಗೇ ಬ್ಯಾಂಕಿಗೆ ಹೋಗಿ ಕೇಟಿ ಟ್ರೇಲ್ ಆಗಿದೆ, ಮುನ್ನೂರ ಎಂಬತ್ತು ಕಿಲೋಮೀಟರ್ ಮೇಲೆ. ಒಂದೇ ದಾರಿ, ಮುನ್ನೂರ ಎಂಬತ್ತು ಕಿಲೋಮೀಟರ್, ಹಿಂದೆ ಲಾರಿ ಹಾರ್ನ್ ಇಲ್ಲ. ಸ್ವಲ್ಪ ಕಣ್ಮುಚ್ಚಿ ಕಲ್ಪಿಸ್ಕೊಳ್ಳಿ ಸಾರ್.

ತುಂಡಾಗಿ ಹೋದ್ಮೇಲೂ ಉಳಿಸ್ಕೊಂಡಿರೋರು ಇಲ್ವಾ ಅಂದ್ರೆ ಇದಾರೆ. ಐರ್ಲೆಂಡಲ್ಲಿ ವೆಸ್ಟ್‌ಪೋರ್ಟ್‌ಯಿಂದ ಆಕಿಲ್‌ಗೆ 1937ರಲ್ಲಿ ನಿಂತ ಲೈನು, ಜಾಗ ರೈತರ ಕೈ ಸೇರಿ ಎಷ್ಟೋ ಕಾಲ ಆಗಿತ್ತು, ಆದ್ರೂ ಒಬ್ಬೊಬ್ಬ ಜಮೀನಿನೋರ ಹತ್ರನೂ ಮಾತಾಡಿ, ಒಡೆತನ ನಿಮ್ಮದೇ ಇರ್ಲಿ ಓಡಾಡಕ್ಕೆ ಬಿಡಿ ಅಂತ ಒಪ್ಸಿ, ನಲವತ್ತೆರಡು ಕಿಲೋಮೀಟರ್ ಗ್ರೀನ್‌ವೇ, ಅಂದ್ರೆ ನಡ್ಯೋರ ಸೈಕಲ್ಲಿನೋರ ದಾರಿ, ಮಾಡಿದಾರೆ. ಒಬ್ರು ಒಪ್ದೇ ಇದ್ದಿದ್ರೆ ಸುತ್ತು ಹೊಡೀಬೇಕಿತ್ತು. ಅಷ್ಟು ತಾಳ್ಮೆ, ಅಷ್ಟು ಒಳ್ಳೇ ಜನ ಎಲ್ಲ ಕಡೆ ಸಿಗ್ತಾರೆ ಅಂತ ನಂಬ್ಕೊಂಡು ಮಾರ್ಬೇಡಿ.

ಇನ್ನೊಂದು ಲೈನಿನ ಕತೆ ಕೇಳಿದ್ರೆ ನಗು ಬರತ್ತೆ. ಜರ್ಮನಿ ಬೆಲ್ಜಿಯಂ ಗಡಿಲಿ ಫೆನ್‌ಬಾನ್ ಅಂತ ಲೈನು. ಮೊದಲ ಮಹಾಯುದ್ಧ ಮುಗಿದು ವರ್ಸೈ ಒಪ್ಪಂದ ಆದಾಗ ಆ ಲೈನಿನ ಹಾಸು ಬೆಲ್ಜಿಯಂಗೆ ಹೋಯ್ತು, ಆಚೆ ಈಚೆ ಇರೋ ಕೆಲವು ಊರು ಜರ್ಮನಿದೇ ಉಳೀತು, ಹಾಗಾಗಿ ಆ ಊರುಗಳು ಸುತ್ತಲೂ ಬೆಲ್ಜಿಯಂ ಇರೋ ಜರ್ಮನ್ ದ್ವೀಪಗಳ ತರ ಆಗೋದ್ವು. ರೈಲು ನಿಂತಿದೆ, ಹಳಿ ಹೋಗಿದೆ, ಆ ಗಡಿ ಇವತ್ತಿಗೂ ಹಾಗೇ ಇದೆ! ಈಗ ಅಲ್ಲಿ ಜರ್ಮನಿ, ಬೆಲ್ಜಿಯಂ, ಲಕ್ಸೆಂಬರ್ಗ್ ಮೂರು ದೇಶ ದಾಟೋ ನೂರ ಇಪ್ಪತ್ತೈದು ಕಿಲೋಮೀಟರ್ ಸೈಕಲ್ ದಾರಿ. ಮೂರು ದೇಶ ಸೇರಿ ಒಂದು ಲೈನು ಉಳಿಸ್ಕೊಳ್ಳತ್ತೆ, ನಿಮ್ಮ ಎರಡು ಇಲಾಖೆ ಕೂತು ಒಂದು ಮೀಟಿಂಗ್ ಮಾಡಕ್ಕಾಗಲ್ವಾ ಅಂತ ಕೇಳಿದ್ರೆ ಬೇಜಾರ್ ಮಾಡ್ಕೋಬೇಡಿ.

ಸುರಂಗಗಳ ಬಗ್ಗೆ ಹೇಳ್ದೇ ಹೋದ್ರೆ ನನ್ನ ಮನಸ್ಸು ಒಪ್ಪಲ್ಲ. ನಮ್ಮ ಲೈನಲ್ಲಿ ಒಂದಿದೆ, ತಿರುವಿರೋದು, ಅಂದ್ರೆ ಒಳಗೆ ಹೋದ್ಮೇಲೆ ಒಂದು ಹಂತದಲ್ಲಿ ಹಿಂದಿನ ಬಾಯಿನೂ ಕಾಣಲ್ಲ ಮುಂದಿನದೂ ಕಾಣಲ್ಲ. ಹೊರಗೆ ಎಷ್ಟೇ ಬಿಸಿಲಿರ್ಲಿ ಬಾಯಿ ಹತ್ರ ಬಂದ್ರೆ ಬೆವರು ತಣ್ಣಗಾಗತ್ತೆ. ಮಾತು ನಿಲ್ಸಿದ್ರೆ ಹನಿ ಬೀಳೋ ಸದ್ದು, ಅದೂ ಒಂದೊಂದು ಕಡೆ ಒಂದೊಂದು ಶ್ರುತಿ, ಕಲ್ಲಿನ ಮೇಲೆ ಬಿದ್ರೆ ಟಕ್, ನೀರಲ್ಲಿ ಬಿದ್ರೆ ಟುಳುಕ್. ಟಾರ್ಚ್ ಹಿಡಿದ್ರೆ ಗೋಡೆ ಪೂರ್ತಿ ಹಳೇ ಇಂಜಿನ್ ಮಸಿ, ಬೆರಳಲ್ಲಿ ಮುಟ್ಟಿದ್ರೆ ಈಗ್ಲೂ ಅಂಟತ್ತೆ. ಅಲ್ಲಲ್ಲಿ ಗೋಡೆಲಿ ಒಬ್ಬ ಮನುಷ್ಯ ನಿಲ್ಲೋಷ್ಟು ಗೂಡು, ಒಳಗೆ ಕೆಲ್ಸ ಮಾಡ್ತಿರ್ವಾಗ ರೈಲು ಬಂದ್ರೆ ಸೇರ್ಕೊಳ್ಳಕ್ಕೆ. ನಾನು ಒಂದ್ರಲ್ಲಿ ಬೆನ್ನು ಕೊಟ್ಟು ನಿಂತು ನೋಡ್ದೆ, ಮೂಗಿಂದ ಗಾಡಿಗೆ ಎಷ್ಟು ಅಂತರ ಉಳೀತಿತ್ತು ಅಂತ ಲೆಕ್ಕ ಹಾಕಿ ಹೊಟ್ಟೆ ತೊಳಸ್ದಂಗಾಯ್ತು. ಇಂಗ್ಲೆಂಡಿನ ಬಾತ್ ಹತ್ರ ಕೂಮ್ ಡೌನ್ ಅಂತ ಒಂದು ಸುರಂಗ ಇದೆ, 1,672 ಮೀಟರ್, ಒಂಟಿ ಹಳಿದು, ಮಧ್ಯೆ ಗಾಳಿಗೆ ಬಾವಿ ತರದ ಕಿಂಡಿ ಒಂದೂ ಇಲ್ಲ. 1929ರಲ್ಲಿ ಒಂದು ಗೂಡ್ಸ್ ಗಾಡಿ ಅದರೊಳಗೆ ನಿಧಾನವಾಗಿ ಏರ್ತಿರ್ವಾಗ ಹೊಗೆಗೆ ಡ್ರೈವರ್, ಇಂಜಿನ್ನಿಗೆ ಕಲ್ಲಿದ್ದಲು ಹಾಕೋ ಫೈರ್‌ಮನ್ ಇಬ್ರೂ ಪ್ರಜ್ಞೆ ತಪ್ಪಿ, ಗಾಡಿ ಹೇಳೋರು ಕೇಳೋರಿಲ್ದೇ ಸುರಂಗ ದಾಟಿ ಇಳಿಜಾರಲ್ಲಿ ಓಡಿ ಬಾತ್ ಯಾರ್ಡಲ್ಲಿ ಅಪಘಾತ ಆಗಿ ಜನ ಸತ್ರು. ಆ ಸುರಂಗ 2013ರಿಂದ ಸೈಕಲ್ಲಿನೋರಿಗೆ, ನಡ್ಯೋರಿಗೆ ತೆಗೆದಿದೆ. ಹಾಗೆ ತೆಗೀರಿ ಅಂತ ಕೇಳ್ವಾಗ ಒಂದು ವಿಷ್ಯ ನಾನೇ ಹೇಳ್ಬಿಡ್ತೀನಿ, ಸುರಂಗದಲ್ಲಿ ಬಾವಲಿಗಳಿರ್ತವೆ, ಚಳಿ ದೇಶಗಳಲ್ಲಿ ಅವು ಚಳಿಗಾಲ ಪೂರ್ತಿ ಅಲ್ಲೇ ಮಲಗ್ತವೆ, ಅದಕ್ಕೋಸ್ಕರ ಕೆಲವು ತಿಂಗಳು ಬೀಗ ಹಾಕ್ಬೇಕು ಅಂದ್ರೆ ಹಾಕಿ, ನಮ್ಮ ತಕರಾರಿಲ್ಲ.

ತಕರಾರು ಇರೋರು ಬೇರೆ ಇದಾರೆ, ಅವ್ರದ್ದೂ ಸುಳ್ಳಲ್ಲ. ಲೈನಿನ ಪಕ್ಕದ ಹೊಲ, ಮನೆಯೋರು. ರೈಲು ಇದ್ದಾಗ ದಿನಕ್ಕೆ ನಾಲ್ಕು ಸಲ ಸದ್ದು ಮಾಡಿ ಹೋಗ್ತಿತ್ತು, ಈಗ ನೀವು ಬಂದು ನನ್ನ ಹಿತ್ತಲು ನೋಡ್ಕೊಂಡು ನಿಲ್ತೀರ ಅಂತಾರೆ. ದನ ಎಲ್ಲಿ ದಾಟಿಸ್ಲಿ ಅಂತಾರೆ. ಅವರಿಗೆ ಗೇಟು ಬೇಕು, ಕೆಲವು ಕಡೆ ಬೇಲಿ ಬೇಕು, ಮೊದಲ ಮೀಟಿಂಗಿಗೇ ಅವರನ್ನ ಕರೀಬೇಕು, ಎಲ್ಲ ಮುಗಿದ್ಮೇಲೆ ಉದ್ಘಾಟನೆಗೆ ಅಲ್ಲ. ಮೋಟರ್ ಬೈಕಿನೋರನ್ನ ತಡೀಬೇಕು ಅನ್ನೋದೂ ಸರಿ, ಆದ್ರೆ ಅದಕ್ಕೆ ಅಂತ ನೀವು ಹಾಕೋ ಸೊಟ್ಟ ಕಬ್ಬಿಣದ ಗೇಟಿದ್ಯಲ್ಲ, ಅದ್ರಲ್ಲಿ ಗಾಲಿ ಕುರ್ಚಿನೂ ತೂರಲ್ಲ, ಮಗು ಕೂರ್ಸೋ ಸೈಕಲ್ ಗಾಡಿನೂ ತೂರಲ್ಲ, ಮೋಟರ್ ಬೈಕಿನೋನು ಮಾತ್ರ ಪಕ್ಕದ ಬೇಲಿ ಮುರ್ಕೊಂಡು ಬರ್ತಾನೆ.

ಹಾಗೇ ಕೈಮುಗಿದು ಕೇಳ್ತೀನಿ, ಉಳಿಸ್ತೀವಿ ಅಂತ ಹೊರಟು ಅಲಂಕಾರ ಮಾಡ್ಬೇಡಿ. ಬಣ್ಣಬಣ್ಣದ ಲೈಟಿನ ಕಮಾನು, ಹೃದಯದ ಆಕಾರದ ಸೆಲ್ಫಿ ಪಾಯಿಂಟು, ಪ್ಲಾಸ್ಟಿಕ್ ಹುಲ್ಲು, ಸಿಮೆಂಟಿನ ಇಂಜಿನ್ ಬೊಂಬೆ. ಪ್ಯಾರಿಸ್‌ನಲ್ಲಿ 1993ರಲ್ಲಿ ತೆಗೆದ ಮೇಲ್ಸೇತುವೆ ತೋಟ, ನ್ಯೂಯಾರ್ಕ್‌ನಲ್ಲಿ ಅದೇ ತರ ಮೇಲ್ಸೇತುವೆ ಮೇಲೆ ಮಾಡಿರೋ 2009ರ ಹೈಲೈನ್ ತೋಟ, ಎರಡೂ ಚೆನ್ನಾಗಿವೆ, ಊರ ಮಧ್ಯೆ ಅದು ಸರಿ. ಆದ್ರೆ ನಿಮ್ಮಲ್ಲಿ ಎಲ್ರೂ ಹೋಗಿ ನೋಡಿ ಬರೋದು ಅವೆರಡನ್ನೇ, ಬಂದ್ಮೇಲೆ ಕಾಡಿನ ಮಧ್ಯದ ಲೈನಿಗೂ ಗ್ರಾನೈಟ್ ಹಾಕ್ತೀವಿ ಅಂತೀರ. ನ್ಯೂಜಿಲೆಂಡಿನ ಒಟಾಗೊ ನೋಡಿ, 1990ರಲ್ಲಿ ನಿಂತ ಲೈನು, 2000ದಲ್ಲಿ ಪೂರ್ತಿ ತೆರೆದ್ರು, ನೂರೈವತ್ತು ಕಿಲೋಮೀಟರ್ ಜಲ್ಲಿ ದಾರಿ, ಹಳೇ ಸೇತುವೆಗಳಿಗೆ ಮರದ ಹಲಗೆ, ಕೈಗೆ ಕಂಬಿ, ಅಷ್ಟೇ. ಕೆನಡಾದ ಮೈರಾ ಕಣಿವೆಲಿ ಹದಿನೆಂಟು ಸೇತುವೆ ಇದ್ವು, ಹೆಚ್ಚಿನವು ಬರೀ ಮರದ್ದು, 2003ರ ಕಾಡ್ಗಿಚ್ಚಲ್ಲಿ ಹನ್ನೆರಡು ಸುಟ್ಟು ಹೋದ್ವು. ಜನ ಬಿಡ್ಲಿಲ್ಲ, ಮತ್ತೆ ಮರದಲ್ಲೇ ಕಟ್ಸಿ 2008ರಲ್ಲಿ ತೆರೆದ್ರು. ಇನ್ನು ಬ್ರಿಸ್ಟಲ್ ಬಾತ್ ಮಧ್ಯದ ದಾರಿ ಶುರುವಾಗಿದ್ದು 1979ರಲ್ಲಿ, ಸೈಕಲ್ ಗುಂಪೊಂದರ ವಾಲಂಟಿಯರ್‌ಗಳು ಸಲಿಕೆ ಹಿಡ್ದು ಮೊದಲ ತುಂಡು ಹಾಕಿದ್ದು, ಪೂರ್ತಿ ಇಪ್ಪತ್ತೊಂದು ಕಿಲೋಮೀಟರ್ ಆಗಕ್ಕೆ 1986 ಬಂತು. ಏಳು ವರ್ಷ. ಆತುರ ಯಾರಿಗೂ ಇಲ್ಲ ಸಾರ್, ನಮಗೂ ಇಲ್ಲ, ಆತುರ ಇರೋದು ಮಾರೋರಿಗೆ ಮಾತ್ರ.

ಅದಕ್ಕೆ ನನ್ನ ಬೇಡಿಕೆ ದೊಡ್ಡದಲ್ಲ. ಈಗ್ಲೇ ದಾರಿ ಮಾಡ್ಕೊಡಿ ಅಂತಿಲ್ಲ. ಮಾರೋದು ನಿಲ್ಸಿ, ಅದಕ್ಕೊಂದು ಆದೇಶ ಸಾಕು. ಸೇತುವೆ ಕಬ್ಬಿಣವನ್ನ ಗುಜರಿಗೆ ಹಾಕ್ಬೇಡಿ, ಹಳಿ ಬೇಕಾದ್ರೆ ತಗೊಳ್ಳಿ, ಸೇತುವೆ ಹೋದ್ರೆ ದಾರಿ ಅಲ್ಲಿಗೇ ಮುಗೀತು, ಹೊಸದು ಕಟ್ಟೋ ಖರ್ಚು ನೋಡಿ ನೀವೇ ಆಮೇಲೆ ಫೈಲ್ ಮುಚ್ತೀರ. ಕಪಾಟಲ್ಲಿರೋ ಹಳೇ ನಕ್ಷೆ, ಮೋರಿಗಳ ಪಟ್ಟಿ, ಜಮೀನು ಗಡಿ ಕಲ್ಲುಗಳ ಲೆಕ್ಕ ಇವನ್ನ ಸ್ಕ್ಯಾನ್ ಮಾಡಿ ಜನಕ್ಕೆ ಕೊಡಿ, ಗೆದ್ದಲು ಓದಿ ಮುಗಿಸೋಕ್ ಮುಂಚೆ. ಆಮೇಲೆ ಎಲ್ಲಾದ್ರೂ ಒಂದು ಐದು ಕಿಲೋಮೀಟರ್, ಸೇತುವೆ ಇಲ್ದಿರೋ ಕಡೆ, ನಡ್ಯಕ್ಕೆ ಬಿಡಿ, ಚರಂಡಿ ಕ್ಲೀನ್ ಮಾಡಕ್ಕೆ ನಾವೇ ಬರ್ತೀವಿ, ಅಜ್ಜನೂ ಬರ್ತೀನಿ ಅಂದಿದಾರೆ, ಕೋಲು ತಗೊಂಡು.

ಗೂಟ ನೆಟ್ಟಿರೋ ಜಾಗ ನೋಡ್ಬೇಕು ಅಂದ್ರೆ ನಿಮ್ಮಲ್ಲಿ ಯಾರಾದ್ರೂ ಒಬ್ರು ಬನ್ನಿ, ಜೀಪ್ ಬೇಡ, ಅದು ಅಲ್ಲಿಗೆ ಬರಲ್ಲ. ನನ್ನ ಹತ್ರ ಎರಡು ಸೈಕಲ್ ಇದೆ, ಸೀಟು ನಿಮ್ಮ ಎತ್ತರಕ್ಕೆ ಹೊಂದಿಸ್ಕೊಡ್ತೀನಿ. ಕಟಿಂಗಲ್ಲಿ ಕೆಸರಿರತ್ತೆ, ಒಳ್ಳೇ ಶೂ ಹಾಕ್ಕೊಂಡು ಬರ್ಬೇಡಿ. ಪಂಪ್, ಪಂಚರ್ ಸಾಮಾನು ನಾನು ತರ್ತೀನಿ, ಸುರಂಗಕ್ಕೆ ಒಂದು ಟಾರ್ಚ್ ನೀವು ತನ್ನಿ, ನಂದು ಹೋದ ವಾರ ನೀರಿಗೆ ಬಿತ್ತು.

ಇಂತಿ,
ನಿಮ್ಮ ಹಳೇ ಲೈನಲ್ಲಿ ಸೈಕಲ್ ತುಳ್ಯೋ ಒಬ್ಬ